ಬಲಭುಜ ಒಂದು ಬೆರಳು ತಗ್ಗು

ಅಕ್ಕ ಅಂದು ಕೆಲಸದಿಂದ ಬಂದವಳು ಚಪ್ಪಲಿ ಬಿಡುವುದಕ್ಕೂ ಪುರುಸೊತ್ತಿಲ್ಲದವಳಂತೆ ನೇರ ಅಂಗಡಿಗೇ ನುಗ್ಗಿ, ಚೀಲದಿಂದ ಒಂದು ಅಂಗಿ ತೆಗೆದು ತಂಗಿಯ ಮುಖದೆದುರು ಕೊಡವಿದಳು.

“ಏ, ನೋಡೇ ಇಲ್ಲಿ. ರೆಡಿಮೇಡು!”

ತಂಗಿ ಕಟಿಂಗ್ ಮೇಜಿನ ಮೇಲೆ ಬಗ್ಗಿದ್ದಳು. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿದ್ದರಿಂದ ಬರೀ ಹ್ಞೂಂಗುಟ್ಟಿದಳು. ಅವಳನ್ನು ಬೀದಿಯವರೆಲ್ಲ ಕರೆಯುವುದು ಮಾಸ್ಟರಮ್ಮ ಎಂದು. ಕಟಿಂಗ್ ಮಾಸ್ಟರ್ ಅಂದರೆ ಗಂಡಸೇ ಆಗಿರಬೇಕು ಎಂದು ನಂಬಿದ್ದ ಬೀದಿಯಲ್ಲಿ ಇವಳು ಬೋರ್ಡು ತಗುಲಿಸಿದಾಗ ಏನೆಂದು ಕರೆಯಬೇಕೋ ಯಾರಿಗೂ ಹೊಳೆಯಲಿಲ್ಲ. ಇದ್ದ ಮಾಸ್ಟರ್‌ಗೆ ಒಂದು ಅಮ್ಮ ಅಂಟಿಸಿ ಕೈತೊಳೆದುಕೊಂಡರು. ಅಕ್ಕನಿಗೆ ಮಾತ್ರ ಅವಳು ಹುಟ್ಟಿದಾಗಿನಿಂದ “ಏ”. ತಲೆ ಬೆಳ್ಳಗಾದರೂ ಅದರಲ್ಲಿ ಬಡ್ತಿ ಸಿಗಲಿಲ್ಲ.

“ನಿನಗೆ ಬೇಜಾರಾಗಬಾರದು ಮತ್ತೆ. ಜೊತೇಲಿ ಕೆಲಸ ಮಾಡೋಳು ಎಳ್ಕೊಂಡು ಹೋದ್ಲು, ದೊಡ್ಡ ಅಂಗಡಿಗೆ. ಸುಮ್ನೆ ಹಾಕಿ ನೋಡಿ ಅಂದ್ರು, ಸುಮ್ನೆ ಹಾಕ್ಕೊಂಡೆ. ಕೂತುಬಿಡ್ತು! ಹುಟ್ಟಿದ ಮೇಲೆ ಮೊದಲನೇ ಸಲ ಒಂದು ರೆಡಿಮೇಡ್ ಅಂಗಿ ನನ್ನ ಮೈಮೇಲೆ ಸರಿಯಾಗಿ ಕೂತಿದೆ. ನೋಡ್ತಿರು, ಹಾಕ್ಕೊಂಡು ಬರ್ತೀನಿ.”

ಪರದೆಯ ಹಿಂದಿನಿಂದ ಅವಳು ಹೊರಬಂದಾಗ ಮುಖ ಅರಳಿತ್ತು. ಕನ್ನಡಿ ಎದುರು ಒಂದು ಸುತ್ತು ತಿರುಗಿದಳು. ಆ ವಯಸ್ಸಿನಲ್ಲಿ ಆ ಸುತ್ತು ಯಾರಾದರೂ ನೋಡಿದ್ದರೆ ನಗುತ್ತಿದ್ದರೇನೋ. ಮಾಸ್ಟರಮ್ಮ ನಗಲಿಲ್ಲ. ಸೂಜಿಗಳನ್ನು ಬಾಯಿಂದ ತೆಗೆದು ಮೇಜಿನ ಮೇಲಿಟ್ಟು, ಹತ್ತಿರ ಬಂದು, ಅಕ್ಕನ ಕುತ್ತಿಗೆಯ ಬುಡದಿಂದ ಬಲಭುಜದ ತುದಿಯವರೆಗೆ ಬೆರಳು ಓಡಿಸಿದಳು. ಎಲ್ಲೂ ಒಂದು ಸುಕ್ಕಿಲ್ಲ. ಬೆರಳು ಹಿಂದಕ್ಕೆ ತಂದು ಇನ್ನೊಂದು ಸಲ ಓಡಿಸಿದಳು.

“ಬಿಚ್ಚಿ ಕೊಡು. ಗುಂಡಿ ಸಡಿಲ ಇದೆ, ಭದ್ರ ಮಾಡಿ ಕೊಡ್ತೀನಿ,” ಎಂದಳು.

ಅಕ್ಕನ ಭುಜದ ವಿಷಯ ಈಗಲೇ ಹೇಳಿಬಿಡುವುದು ವಾಸಿ. ಆ ಮನೆಯಲ್ಲಿ ಅದನ್ನು ಯಾರೂ ಬಾಯಿಬಿಟ್ಟು ಹೇಳಿದವರಲ್ಲ, ಹಾಗಾಗಿ ಕಥೆ ಹೇಳುವವರೇ ಹೇಳಬೇಕು. ಅಕ್ಕ ಚಿಕ್ಕವಳಿದ್ದಾಗ ಒಂದು ಕಾಯಿಲೆ ಬಂದು ಹೋಯಿತು. ಹೋಗುವಾಗ ಬಲಭುಜವನ್ನು ಒಂದು ಬೆರಳಿನಷ್ಟು ತಗ್ಗಿಸಿ, ಅಷ್ಟೇ ಗಿಡ್ಡವಾಗಿಯೂ ಮಾಡಿ ಹೋಯಿತು. ಕೈಗೆ ಏನೂ ಆಗಲಿಲ್ಲ. ಆದರೆ ಯಾವ ಅಂಗಿ ಹಾಕಿದರೂ ಕಾಲರ್ ಒಂದು ಕಡೆಗೆ ಎಳೆದು, ಬೆನ್ನಿನಲ್ಲಿ ಓರೆಯಾಗಿ ಒಂದು ಮಡಿಕೆ ಬೀಳುತ್ತಿತ್ತು. ಆಗಿನ ದರ್ಜಿಯೊಬ್ಬ ಅಂಗಡಿ ತುಂಬ ಜನರಿರುವಾಗ, “ಈ ಹುಡುಗಿಗೆ ಅಂಗಿ ಹೊಲಿಯೋಕೆ ನನ್ನ ಕೈಲಾಗಲ್ಲಮ್ಮ, ಒಂದೊಂದು ಕಡೆ ಒಂದೊಂದು ಅಳತೆ” ಎಂದುಬಿಟ್ಟ. ಅಮ್ಮ ಮನೆಗೆ ಬಂದು ಚಿಕ್ಕ ಮಗಳನ್ನು ಅಡುಗೆಮನೆಗೆ ಕರೆದು ಹೇಳಿದಳು: “ನೀನು ಹೊಲಿಗೆ ಕಲಿ. ಅವಳಿಗೆ ಗೊತ್ತಾಗದ ಹಾಗೆ ಹೊಲಿ.”

ಹೀಗೆ ಮಾಸ್ಟರಮ್ಮನ ವಿದ್ಯೆ ಶುರುವಾದದ್ದು ಒಂದೇ ಒಂದು ಮೈಯಿಂದ. ಅಕ್ಕನನ್ನು ನಿಲ್ಲಿಸಿ, ಅಳತೆ ತೆಗೆದು, ದಪ್ಪ ರಟ್ಟಿನ ಮೇಲೆ ನಕ್ಷೆ ಬರೆದು ಕತ್ತರಿಸಿದಳು. ದರ್ಜಿಗಳು ಹೀಗೆ ಕತ್ತರಿಸಿಟ್ಟುಕೊಂಡ ರಟ್ಟನ್ನು ಬಟ್ಟೆಯ ಮೇಲಿಟ್ಟು, ಸುತ್ತ ಗೆರೆ ಎಳೆದು, ಗೆರೆ ಹಿಡಿದು ಕತ್ತರಿ ಹಾಕುತ್ತಾರೆ. ಆ ಮೊದಲ ರಟ್ಟನ್ನು ಅವಳು ತಾಯಿ ರಟ್ಟು ಎಂದು ಕರೆದಳು. ಅದು ಸರಿಯಾಗಿ ಕೂರುವ ತನಕ ಕತ್ತರಿಸಿದಳು, ಬಿಸಾಡಿದಳು, ಮತ್ತೆ ಕತ್ತರಿಸಿದಳು. ಅಕ್ಕ ಬೆಳೆದು ನಿಲ್ಲುವ ಹೊತ್ತಿಗೆ, ಕೊನೆಗೊಂದು ದಿನ, ಅವಳ ಬೆನ್ನಿನ ಮಡಿಕೆ ಮಾಯವಾಯಿತು. ಅಮ್ಮ ಬಾಗಿಲಲ್ಲಿ ನಿಂತು ನೋಡಿ, ಕಣ್ಣೊರೆಸಿಕೊಂಡು ಒಳಗೆ ಹೋದಳು.

ಮುಂದೆ ಅಕ್ಕನಿಗೆ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ‘ವಿಚಾರಣೆ’ ಎಂದು ಬರೆದ ಗಾಜಿನ ಹಿಂದೆ ಕೂರುವುದು, ಬಂದವರಿಗೆ ದಾರಿ ಹೇಳುವುದು. ಗಾಜಿನ ಹಿಂದೆ ಕೂತವಳ ತಲೆ, ಕುತ್ತಿಗೆ, ಭುಜ, ಲೋಕಕ್ಕೆ ಕಾಣುವುದು ಇಷ್ಟೇ. ಯಾವುದನ್ನು ಮುಚ್ಚಿಡಬೇಕೋ ಅದೇ ಎದ್ದು ಕಾಣುವಂಥ ಕೆಲಸ ಅವಳ ಹಣೆಗೆ ಬಂದಿತ್ತು. ಅವಳಿಗಾಗಿ ತಂಗಿ ಒಂದು ಉದ್ದನೆಯ ಅಂಗಿ ಮಾಡಿದಳು. ಎರಡು ಕಡೆ ಜೋಲು ಬೀಳದ ಆಳವಾದ ಜೇಬು, ಕೈ ಎತ್ತಿದರೆ ಹಿಡಿಯದ ಬೆನ್ನು, ಮೆಟ್ಟಿಲು ಹತ್ತಿದರೆ ತೊಡರದ ಕೆಳಗಿನ ಅಂಚು. ಅದನ್ನು ನೋಡಿ ನರ್ಸುಗಳು ಬಂದರು, ಟೀಚರುಗಳು ಬಂದರು. ಜೇಬಂಗಿ ಎಂದು ಅದಕ್ಕೆ ಹೆಸರೂ ಬಿತ್ತು. ಮಾಸ್ಟರಮ್ಮ ಎರಡು ಮೆಷಿನ್ನಿನ ಅಂಗಡಿಯಲ್ಲಿ ಕೂತು ಊರಿನ ಅರ್ಧ ಹೆಂಗಸರಿಗೆ ಜೇಬು ಕೊಟ್ಟಳು.

ಅಕ್ಕ ಮಹಡಿ ಹತ್ತಿ ಹೋದ ಮೇಲೆ ಅವಳು ಆ ಹೊಸ ಅಂಗಿಯ ಹೊಲಿಗೆ ಬಿಚ್ಚಿದಳು. ತುಂಡುಗಳನ್ನು ಇಸ್ತ್ರಿ ಮಾಡಿ ಮೇಜಿನ ಮೇಲೆ ಹರಡಿ, ತನ್ನ ಜೇಬಂಗಿಯ ರಟ್ಟುಗಳನ್ನು ಒಂದೊಂದಾಗಿ ಮೇಲಿಟ್ಟಳು. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಜೇಬು ಅದೇ, ಬೆನ್ನು ಅದೇ. ಬಲಭುಜ ಒಂದು ಬೆರಳು ತಗ್ಗು, ಒಂದು ಬೆರಳು ಗಿಡ್ಡ.

ಅಲ್ಲಿಗೆ ಅವಳ ಕೈ ನಿಂತಿತು. ಕದ್ದದ್ದು ಗೊತ್ತಾಯಿತು, ಸರಿ. ಆದರೆ ಈ ತಗ್ಗು ಎಲ್ಲರ ಅಂಗಿಗೂ ಹೇಗೆ ಬಂತು? ಅಕ್ಕನ ಅಂಗಿಗೆ ತಗ್ಗು, ಮಿಕ್ಕವರಿಗೆ ಸಮ ಎಂದೇ ಅವಳು ತಿಳಿದಿದ್ದಳು. ಗೂಡಿನಲ್ಲಿದ್ದ ರಟ್ಟುಗಳನ್ನೆಲ್ಲ ಹೊರಗೆಳೆದು ನೋಡಿದಳು. ದೊಡ್ಡದು, ಸಣ್ಣದು, ನಡುವಿನದು, ಎಲ್ಲದರಲ್ಲೂ ಬಲಭುಜ ತಗ್ಗು. ಎಲ್ಲ ಅಳತೆಗಳನ್ನೂ ಅವಳು ತಾಯಿ ರಟ್ಟಿನಿಂದಲೇ ಹಿಗ್ಗಿಸಿ ಕುಗ್ಗಿಸಿ ಮಾಡಿದ್ದಳು. ಸಮ ಮಾಡಿದೆ ಎಂದುಕೊಂಡಿದ್ದಳು, ಮಾಡಿರಲೇ ಇಲ್ಲ. ಒಂದೇ ಮೈ ನೋಡಿ ಕಲಿತ ಕಣ್ಣಿಗೆ ಆ ಮೈಯೇ ನೇರ. ಬಲಗೈಯಲ್ಲಿ ಚೀಲ ಹೊತ್ತು, ಬಲಗೈಯಲ್ಲೇ ದುಡಿದು ಎಷ್ಟೋ ಹೆಂಗಸರ ಬಲಭುಜ ತುಸು ಇಳಿದೇ ಇರುವುದರಿಂದ ಯಾರೂ ದೂರು ಹೇಳಿರಲಿಲ್ಲ. “ನಿಮ್ಮ ಅಂಗಿ ಕೂತಂತೆ ಯಾರದೂ ಕೂರಲ್ಲ” ಎಂದು ಹೊಗಳಿಯೇ ಹೋಗುತ್ತಿದ್ದರು.

ಇಷ್ಟು ವರ್ಷ ಅಕ್ಕನ ಭುಜ ಬಚ್ಚಿಟ್ಟೆ ಎಂದುಕೊಂಡವಳು ಅದನ್ನು ಊರಿಗೆಲ್ಲ ಹಂಚಿದ್ದಳು. ಅವಳಿಗೆ ನಗು ಬಂತು, ಆಮೇಲೆ ತುಂಬ ಸುಸ್ತಾಯಿತು. ಅಲ್ಲೇ ಸ್ಟೂಲಿನ ಮೇಲೆ ಕೂತಳು.

ರಟ್ಟು ಹೊರಗೆ ಹೋದದ್ದು ಹೇಗೆ ಎಂದು ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗಿರಲಿಲ್ಲ. ಹಿಂದಿನ ವರ್ಷ ಒಂದು ದೊಡ್ಡ ಬಟ್ಟೆ ಕಂಪನಿಯವರು ಅವಳನ್ನು ಕರೆಸಿದ್ದರು. ಜೇಬಂಗಿ ನಾವೂ ಮಾರುತ್ತೇವೆ, ಒಪ್ಪಂದ ಮಾಡಿಕೊಳ್ಳೋಣ ಎಂದು ತಣ್ಣನೆ ಕೋಣೆಯಲ್ಲಿ ಕೂರಿಸಿ ಉಪಚಾರ ಮಾಡಿ, ರಟ್ಟುಗಳನ್ನು ಬಿಟ್ಟು ಹೋಗಿ, ನೋಡಿ ತಿಳಿಸುತ್ತೇವೆ ಎಂದರು. ಇವಳು ಬಿಟ್ಟು ಬಂದಳು. ಕೆಲವು ವಾರದ ಮೇಲೆ, ನಮಗೆ ಹೊಂದುವುದಿಲ್ಲ ಎಂಬ ಮಾತಿನ ಜೊತೆ ರಟ್ಟುಗಳು ವಾಪಸು ಬಂದವು, ನೀಟಾಗಿ ಕಟ್ಟಿ. ಹೊಂದದಿದ್ದ ರಟ್ಟಿಗೆ ಅಷ್ಟು ಮರ್ಯಾದೆ ಯಾಕೆ ಎಂದು ಆಗಲೇ ಯೋಚಿಸಬೇಕಿತ್ತು.

ಅವಳು ಹೋಗಿ ಕಂಡ ವಕೀಲೆ ಅವಳ ಹಳೆಯ ಗಿರಾಕಿ. ಜೇಬಂಗಿ ಹಾಕಿಕೊಂಡೇ ಕಚೇರಿಯಲ್ಲಿ ಕೂತಿದ್ದಳು. ಮಾಸ್ಟರಮ್ಮ ಹೊಲಿದ ಅಂಗಿಯನ್ನೂ ಕಂಪನಿಯದರ ಬಿಚ್ಚಿದ ತುಂಡುಗಳನ್ನೂ ಮಗುಚಿ ಮಗುಚಿ ನೋಡಿ ನಿಟ್ಟುಸಿರು ಬಿಟ್ಟಳು.

“ಮಾಸ್ಟರಮ್ಮ, ಅಂಗಿ ನನ್ನದು ಅಂತ ಹಕ್ಕು ಸ್ಥಾಪಿಸೋದು ಕಷ್ಟ. ತೋಳು, ಜೇಬು ಇವೆಲ್ಲ ಯಾರಪ್ಪನ ಮನೆ ಆಸ್ತಿನೂ ಅಲ್ಲ ಅಂತಾರೆ. ಆದ್ರೆ ನೀವು ಕೈಯಾರೆ ಬರೆದ ನಕ್ಷೆ ಇದೆಯಲ್ಲ, ಅದು ಒಂದು ಚಿತ್ರ ಇದ್ದ ಹಾಗೆ. ಅದನ್ನ ನಕಲು ಮಾಡಿದ್ದಾರೆ ಅಂತ ತೋರಿಸಿದ್ರೆ ದಾರಿ ಇದೆ. ಇದರ ಮೇಲೆ ತಾರೀಖು ಹಾಕಿದೀರಾ? ಎಲ್ಲಾದ್ರೂ ನೋಂದಾಯಿಸಿದೀರಾ?”

“ರಟ್ಟಿನ ಮೇಲೆ ತಾರೀಖು ಯಾರು ಹಾಕ್ತಾರಮ್ಮ?”

“ಅವರು ಹಾಕಿರ್ತಾರೆ. ಕಂಪ್ಯೂಟರಲ್ಲಿ ಬರೆದು, ನಿಮ್ಮನ್ನ ಕರೆಸೋಕೆ ಮೊದಲಿನ ತಾರೀಖೇ ಹಾಕಿರ್ತಾರೆ ಬೇಕಾದ್ರೆ.” ವಕೀಲೆ ಅಳತೆಪಟ್ಟಿ ಹಿಡಿದು ಎರಡು ಅಂಗಿಗಳ ಭುಜ ಅಳೆದಳು, ಇನ್ನೊಂದು ಸಲ ಅಳೆದಳು, ಕಣ್ಣು ಕಿರಿದಾಯಿತು. “ಸರಿಯಾಗಿರೋದನ್ನ ಇಬ್ಬರು ಬೇರೆಬೇರೆಯಾಗಿ ಮಾಡಬಹುದು. ವಕ್ರವಾಗಿರೋದನ್ನ ಇಬ್ಬರು ಒಂದೇ ಥರ ಮಾಡೋಕಾಗಲ್ಲ. ಈ ತಗ್ಗು ನಿಮ್ಮ ಹತ್ರ ಯಾಕೆ ಹುಟ್ಟಿತು, ಅದನ್ನೊಂದು ಹೇಳಿಬಿಡಿ. ಕೇಸು ಅರ್ಧ ಗೆದ್ದ ಹಾಗೆ.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ ಅನ್ನುತ್ತಾರೆ. ಇಲ್ಲಿ ಹೆಗಲು ಮುಟ್ಟಿಕೊಂಡದ್ದು ಕಳ್ಳ ಅಲ್ಲ, ಕಳಕೊಂಡವಳು. ಮಾಸ್ಟರಮ್ಮನ ಕೈ ಅವಳಿಗರಿವಿಲ್ಲದೆ ಬಲಭುಜಕ್ಕೆ ಹೋಗಿತ್ತು.

“ಹಾಗೇ ಬಂದಿದೆ,” ಎಂದಳು.

ವಕೀಲೆ ಕೇಸು ಹಾಕಿದಳು. ಅಲ್ಲಿಂದಾಚೆಗಿನದು ಅಲೆದಾಟದ ಕಥೆ. ಕೋರ್ಟಲ್ಲಿ ಗೆದ್ದವನು ಸೋತ, ಸೋತವನು ಸತ್ತ ಅನ್ನುವ ಗಾದೆ ಮಾಡಿದವನು ಖಂಡಿತ ಆ ಕೋರ್ಟಿನ ಪಡಸಾಲೆಯ ಬೆಂಚಿನ ಮೇಲೆ ಕೂತೇ ಮಾಡಿರಬೇಕು. ಒಂದು ಕಾಲು ಕುಂಟುವ ಬೆಂಚು ಅದು. ಒಬ್ಬರು ಎದ್ದರೆ ಮಿಕ್ಕವರು ಓಲಾಡುತ್ತಿದ್ದರು. ಗೋಡೆಯ ಮೇಲಿನ ಫ್ಯಾನು ಒಂದೇ ದಿಕ್ಕಿಗೆ ಗಾಳಿ ಬೀಸುತ್ತಿತ್ತು, ಆ ದಿಕ್ಕಿನಲ್ಲಿ ಯಾವಾಗಲೂ ಇನ್ಯಾರೋ ಕೂತಿರುತ್ತಿದ್ದರು. ಒಂದು ಸಲ ವಿಚಾರಣೆ ನಡೆಸುವ ಅಧಿಕಾರಿಗಳಿಲ್ಲ, ಒಂದು ಸಲ ಎದುರು ಕಡೆಯ ವಕೀಲರಿಗೆ ಜ್ವರ, ಒಂದು ಸಲ ಕಡತವೇ ಬೇರೆ ಕೋಣೆಯಲ್ಲಿ. ಪ್ರತಿ ಸಲವೂ ಮಾಸ್ಟರಮ್ಮ ಅಂಗಡಿಗೆ ಬೀಗ ಹಾಕಿ, ರಟ್ಟಿನ ಕಟ್ಟನ್ನು ಕಂಕುಳಲ್ಲಿ ಅವುಚಿಕೊಂಡು ಬರುವುದು, ಕೂರುವುದು, ಮುಂದಿನ ದಿನಾಂಕ ಕೇಳಿಕೊಂಡು ಹೋಗುವುದು. ಅವಳಿಗೆ ಕೋಪ ಬರುವುದು ನಿಂತುಹೋಯಿತು. ಕೋಪಕ್ಕೂ ಮೈಯಲ್ಲಿ ಒಂದಿಷ್ಟು ಕಸುವು ಬೇಕಲ್ಲ.

ಅಷ್ಟರಲ್ಲಿ ಅವಳ ಗಿರಾಕಿಗಳು ಒಬ್ಬೊಬ್ಬರಾಗಿ ದೊಡ್ಡ ಅಂಗಡಿಯ ಜೇಬಂಗಿ ಹಾಕಿಕೊಂಡು ಬೀದಿಯಲ್ಲಿ ಕಾಣತೊಡಗಿದರು. ಎದುರಿಗೆ ಸಿಕ್ಕರೆ ನಾಚಿ ಚೀಲ ಅಡ್ಡ ಹಿಡಿಯುತ್ತಿದ್ದರು. ಒಬ್ಬ ಟೀಚರಂತೂ, “ನೀವೇ ಅವರಿಗೆ ಹೊಲಿದು ಕೊಡ್ತೀರಂತೆ, ಹೌದಾ?” ಎಂದು ಸಂತೋಷದಿಂದ ಕೇಳಿದಳು. ಮಾಸ್ಟರಮ್ಮ ಅಂಗಡಿಗೆ ಬಂದು ಎರಡನೆಯ ಮೆಷಿನ್ನಿಗೆ ಬಟ್ಟೆ ಹೊದಿಸಿಟ್ಟಳು. ಈ ಕೇಸು ಸೋತರೆ ಜೇಬಂಗಿ ಅವಳದ್ದಾಗಿ ಉಳಿಯುವುದಿಲ್ಲ. ತಾನು ಹೆತ್ತದ್ದನ್ನೇ ಹೊಲಿಯಲು ಬೇರೆಯವರ ಅಪ್ಪಣೆ ಕೇಳಬೇಕು.

ಕೊನೆಗೂ ವಿಚಾರಣೆ ನಡೆದ ದಿನ ಅಕ್ಕ ರಜೆ ಹಾಕಿ ಜೊತೆಗೆ ಬಂದಳು. ಬೇಡವೆಂದರೂ ಕೇಳಲಿಲ್ಲ. ಎಂದಿನಂತೆ ಶಾಲು ಬಲಗಡೆಗೆ ಇಳಿಬಿಟ್ಟುಕೊಂಡು, ನೀರಿನ ಬಾಟಲಿ ಮಡಿಲಲ್ಲಿಟ್ಟುಕೊಂಡು ಹಿಂದಿನ ಸಾಲಿನಲ್ಲಿ ಕೂತಳು.

ಕಂಪನಿಯ ಕಡೆಯಿಂದ ಅವರ ಡಿಸೈನರ್ ಎದ್ದು ನಿಂತ. ಕನ್ನಡಕದ, ಮೆಲುದನಿಯ ಯುವಕ. ಕಳ್ಳನ ಮುಖ ಇರಬಹುದೆಂದು ಮಾಸ್ಟರಮ್ಮ ದಿಟ್ಟಿಸಿ ನೋಡಿದಳು, ಹಾಗೇನೂ ಇರಲಿಲ್ಲ. ಯಾರೋ ಮೇಜಿನ ಮೇಲೆ ತಂದಿಟ್ಟದ್ದನ್ನು ಅಂದಗೊಳಿಸಿ ಕೊಟ್ಟಿದ್ದನೇನೋ ಪಾಪ.

“ಸರ್, ಹೆಚ್ಚಿನ ಜನ ಬಲಗೈ ಬಳಸ್ತಾರೆ. ಬಲಗಡೆ ಭಾರ ಹೊರ್ತಾರೆ. ಹಾಗಾಗಿ ಬಲಭುಜ ಸ್ವಲ್ಪ ಇಳಿದಿರುತ್ತೆ. ಎಲ್ಲರೂ ಎರಡು ಭುಜ ಸಮ ಅಂತ ಹೊಲಿತಾರೆ, ನಾವು ಮನುಷ್ಯರ ಮೈ ಇರೋ ಹಾಗೆ ಹೊಲಿದ್ವಿ. ಈ ಇಳಿಜಾರೇ ನಮ್ಮ ಅಂಗಿಯ ವಿಶೇಷ.”

ಎಷ್ಟು ಚೆನ್ನಾಗಿ ಹೇಳಿದ! ಮಾಸ್ಟರಮ್ಮನಿಗೇ ತಲೆದೂಗುವ ಹಾಗಾಯಿತು. ಅಧಿಕಾರಿಗಳು ಬರೆದುಕೊಂಡರು. ಅವರೂ ದಣಿದ ಮನುಷ್ಯರೇ, ಮೇಜಿನ ಮೇಲಿನ ಕಡತಗಳ ರಾಶಿಯ ಮಧ್ಯೆ ಕಣ್ಣು ಮಾತ್ರ ಕಾಣುತ್ತಿತ್ತು. ಇವಳ ಕಡೆ ತಿರುಗಿದರು.

“ನೋಡಿಮ್ಮ, ಎರಡೂ ನಕ್ಷೆ ಒಂದೇ ಥರ ಇದೆ ಅನ್ನೋದು ಕಾಣಿಸ್ತಿದೆ. ಯಾರದ್ದು ಮೊದಲು ಅನ್ನೋದೇ ಪ್ರಶ್ನೆ. ನಿಮ್ಮದರ ಮೇಲೆ ತಾರೀಖಿಲ್ಲ. ಅವರು ಕಾರಣ ಹೇಳಿದ್ರು. ನೀವು ಹೇಳಿ. ಬಲಭುಜ ಯಾಕೆ ತಗ್ಗಿಸಿದ್ರಿ?”

ವಕೀಲೆ ಮೊಣಕೈಯಿಂದ ತಿವಿದಳು. ಮಾಸ್ಟರಮ್ಮನ ನಾಲಿಗೆಯ ತುದಿಯಲ್ಲೇ ಇತ್ತು ಉತ್ತರ. ನಮ್ಮಕ್ಕನಿಗೆ ಹೀಗಾಗಿದೆ ಸಾರ್, ಅಲ್ಲೇ ಕೂತಿದ್ದಾಳೆ ನೋಡಿ. ಇಷ್ಟು ಹೇಳಿದರೆ ಮುಗಿಯಿತು. ಇಡೀ ಕೋಣೆ ಹಿಂದಿನ ಸಾಲಿಗೆ ತಿರುಗುತ್ತಿತ್ತು, ಅಂದಿನ ಆ ದರ್ಜಿಯ ಅಂಗಡಿಯಲ್ಲಿ ಎಲ್ಲರೂ ತಿರುಗಿದ ಹಾಗೆ. ಅಮ್ಮ ಅಡುಗೆಮನೆಯಲ್ಲಿ ಹೇಳಿದ ಮಾತು ಕಿವಿಯಲ್ಲಿ ನಿಂತಿತ್ತು.

“ತಪ್ಪಾಗಿ ಬಂದಿದ್ದು, ಸಾರ್,” ಎಂದಳು. “ಕತ್ತರಿಸುವಾಗ ಕೈ ತಪ್ಪಿತ್ತು. ಆಮೇಲೆ ತಿದ್ದಲಿಲ್ಲ.”

ಜೀವಮಾನವೆಲ್ಲ ಒಂದು ಗೆರೆ ಓರೆಯಾದರೆ ಬಟ್ಟೆಯನ್ನೇ ಪಕ್ಕಕ್ಕಿಟ್ಟವಳು ಹೀಗಂದಳು. ವಕೀಲೆ ಕಣ್ಣು ಮುಚ್ಚಿಕೊಂಡಳು.

“ಅವರದ್ದು ಯೋಚನೆ ಮಾಡಿ ಮಾಡಿದ್ದು, ನಿಮ್ಮದು ತಪ್ಪಾಗಿ ಬಂದದ್ದು. ಹೀಗೇ ಬರ್ಕೊಳ್ಳಲಾ?” ಅಧಿಕಾರಿಗಳು ಅನುಮಾನದಿಂದಲೇ ಕೇಳಿದರು.

“ಬರ್ಕೊಳ್ಳಿ.”

ಕೊನೆಯ ಮಾತಿಗೆ ಇನ್ನೊಂದು ದಿನ ನಿಗದಿಯಾಯಿತು. ಮನೆಗೆ ಬರುವ ಬಸ್ಸಿನಲ್ಲಿ ಅಕ್ಕ ಕಿಟಕಿಯ ಹೊರಗೆ ನೋಡುತ್ತ ಕೂತಳು. ಮಾಸ್ಟರಮ್ಮನಿಗೆ ಅದೇ ಹಾಯೆನಿಸಿತು. ಹೋಯಿತಲ್ಲ, ಹೋಗಲಿ. ಇನ್ನು ಆ ಬೆಂಚಿನ ಮೇಲೆ ಕೂರುವುದು ತಪ್ಪಿತು. ಮಂಡಿ ನೋಯುತ್ತಿತ್ತು, ಕಣ್ಣು ಉರಿಯುತ್ತಿತ್ತು, ಬಿಸಿನೀರಲ್ಲಿ ಕಾಲಿಟ್ಟು ಕೂತರೆ ಸಾಕಾಗಿತ್ತು.

ಅಂಗಡಿಯೊಳಗೆ ಬಂದ ಮೇಲೆ ಅಕ್ಕ ಬಾಗಿಲು ಹಾಕಿ ಬಂದು ಎದುರಿಗೆ ನಿಂತಳು.

“ನನ್ನ ಭುಜ ತಪ್ಪೇನೇ?”

ಮಾಸ್ಟರಮ್ಮ ತಲೆಯೆತ್ತಲಿಲ್ಲ. “ಯಾವ ಭುಜ? ಏನು ಮಾತಾಡ್ತಿದೀಯ?”

“ನಾಟಕ ಆಡಬೇಡ. ಅಮ್ಮನೂ ಆಡಿದ್ಲು, ನೀನೂ ಆಡಿದೆ, ನಿಮ್ಮಿಬ್ಬರಿಗೆ ಬೇಜಾರಾಗುತ್ತೆ ಅಂತ ನಾನೂ ಆಡಿದೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕಾ? ಸ್ನಾನದ ಮನೇಲಿ ನಾನೇನು ಕಣ್ಣು ಮುಚ್ಕೊಂಡು ನಿಂತಿರ್ತೀನಾ? ಈ ಶಾಲು ಯಾಕೆ ಹೊದ್ಕೊಳ್ತೀನಿ ಅಂದ್ಕೊಂಡಿದ್ದೆ, ಚಳಿಗಾ?”

“ಅಕ್ಕ, ನಾಲ್ಕು ಜನರ ಮುಂದೆ ನಿನ್ನನ್ನ ನಿಲ್ಲಿಸಿ—”

“ನಿಲ್ಲಿಸಲಿಲ್ಲ, ಸರಿ. ಆದ್ರೆ ತಪ್ಪು ಅಂದೆ. ಆ ದರ್ಜಿ ಕೂಡ ಹಾಗನ್ನಲಿಲ್ಲ ಕಣೇ. ತನ್ನ ಕೈಲಾಗಲ್ಲ ಅಂದ, ಅಷ್ಟೇ.”

ಮಾಸ್ಟರಮ್ಮನ ಕಣ್ಣು ತುಂಬಿ ಬಂತು. ಅಕ್ಕ ಬಿಡಲಿಲ್ಲ. ಗೂಡಿನ ಹತ್ತಿರ ಹೋಗಿ ತಾಯಿ ರಟ್ಟನ್ನು ಹೊರಗೆಳೆದಳು. ಅಂಚು ಸವೆದು, ಹಿಡಿದು ಹಿಡಿದು ಎಣ್ಣೆಗಪ್ಪಾಗಿತ್ತು ಅದು. ತನ್ನ ಭುಜಕ್ಕೆ ಹಿಡಿದುಕೊಂಡಳು. ಸರಿಯಾಗಿ ಕೂತಿತು.

“ಆ ಕಂಪನಿಯವರು ನಿನ್ನ ರಟ್ಟನ್ನ ಹೇಳದೆ ಕೇಳದೆ ತಗೊಂಡ್ರು ಅಂತ ಕೋರ್ಟು ಹತ್ತಿದೆ. ಸರಿ, ಹತ್ತಬೇಕಾದ್ದೇ. ನೀನು ನನ್ನ ಮೈಯನ್ನ ರಟ್ಟಿಗಿಳಿಸಿ ಊರಿಗೆಲ್ಲ ಹೊಲಿದು ಕೊಟ್ಟೆಯಲ್ಲ. ಒಂದು ದಿನ ನನ್ನ ಕೇಳಿದೆಯಾ?”

“ಗೊತ್ತಿರ್ಲಿಲ್ಲ ಅಕ್ಕ. ನಿನ್ನಾಣೆ. ಎಲ್ಲದಕ್ಕೂ ಬಂದಿದೆ ಅಂತ ನನಗೇ ಗೊತ್ತಿರ್ಲಿಲ್ಲ.”

“ಗೊತ್ತಾದ ಮೇಲೆ?”

ಮಾಸ್ಟರಮ್ಮ ಮುಖ ಮುಚ್ಚಿಕೊಂಡು ಅತ್ತಳು, ಚಿಕ್ಕ ಮಕ್ಕಳು ಅಳುವ ಹಾಗೆ. ಗಿರಾಕಿಗಳು ಯಾರೇ ಬರಲಿ, ಟೇಪು ಹಿಡಿಯುವ ಮುಂಚೆ “ಅಳತೆ ತಗೊಳ್ಳಲಾ?” ಎಂದು ಕೇಳುವುದು ಅವಳ ಪದ್ಧತಿ. ಮೈ ಮುಟ್ಟುವ ಕಸುಬು, ಕೇಳದೆ ಕೈ ಹಾಕಬಾರದು. ಅಕ್ಕನನ್ನು ಮಾತ್ರ ಯಾವತ್ತೂ ಕೇಳಿರಲಿಲ್ಲ. ಗೊತ್ತಾಗದ ಹಾಗೆ ಹೊಲಿಯಬೇಕಾಗಿತ್ತಲ್ಲ.

ಅಕ್ಕ ಪಕ್ಕದಲ್ಲಿ ಕೂತು ಬಾಟಲಿಯಲ್ಲಿ ಉಳಿದಿದ್ದ ನೀರು ಕೊಟ್ಟಳು. “ಕುಡಿ. ಮುಂದಿನ ಸಲ ನಾನು ಮಾತಾಡ್ತೀನಿ. ವಕೀಲಮ್ಮನಿಗೆ ಹೇಳಿಡು. ಶಾಲು ಮನೇಲೇ ಬಿಟ್ಟು ಬರ್ತೀನಿ.”

ವಕೀಲೆ ಏನೇನು ಅರ್ಜಿ ಹಾಕಿದಳೋ, ಅಧಿಕಾರಿಗಳು ಅಕ್ಕನ ಮಾತು ಕೇಳಲು ಒಪ್ಪಿದರು. ಆ ದಿನ ಅಕ್ಕ ಕಂಪನಿಯವರದ್ದೇ ಜೇಬಂಗಿ ಹಾಕಿಕೊಂಡು ಬಂದಳು. ಬಿಚ್ಚಿದ್ದನ್ನು ತಂಗಿ ಮತ್ತೆ ಹೊಲಿದು ಕೊಟ್ಟಿದ್ದಳು. ಶಾಲು ಇಲ್ಲದ ಅಕ್ಕನನ್ನು ಹೊರಗಿನ ಬೆಳಕಿನಲ್ಲಿ ಮಾಸ್ಟರಮ್ಮ ನೋಡಿದ್ದು ಅದೇ ಮೊದಲು.

“ಸಾರ್, ನನಗೆ ಕಾನೂನು ಗೊತ್ತಿಲ್ಲ,” ಅಂದಳು ಅಕ್ಕ, ಆಸ್ಪತ್ರೆಯ ವಿಚಾರಣೆ ಕಿಟಕಿಯಲ್ಲಿ ದಾರಿ ಹೇಳುವ ಅದೇ ದನಿಯಲ್ಲಿ. “ನನ್ನ ಬಲಭುಜ ಚಿಕ್ಕಂದಿನಿಂದ ಹೀಗಿದೆ. ಆಸ್ಪತ್ರೆಯ ಹಳೆ ಕಾಗದ ವಕೀಲರ ಹತ್ರ ಇದೆ. ನನಗೆ ಸರಿಹೋಗೋ ಹಾಗೆ ಹೊಲಿಯೋಳು ಒಬ್ಬಳೇ, ಇವಳು. ಈ ಕಂಪನಿಯವರು ನನ್ನನ್ನ ನೋಡೇ ಇಲ್ಲ. ನೋಡದೆ ನನ್ನ ಮೈಗೆ ಹೇಗೆ ಹೊಲಿದ್ರು ಅಂತ ಕೇಳಿ.”

ಅಧಿಕಾರಿಗಳು ಕಡತಗಳ ಮೇಲಿನಿಂದ ಕತ್ತು ಎತ್ತಿದರು. ಎಲ್ಲರೂ ತಿರುಗಿದರು. ಮಾಸ್ಟರಮ್ಮ ತಲೆ ತಗ್ಗಿಸಿದಳು, ಅಕ್ಕ ತಗ್ಗಿಸಲಿಲ್ಲ.

“ಅಳತೆ ನೋಡಬೇಕಾಗುತ್ತೆ,” ಎಂದರು ಅಧಿಕಾರಿಗಳು ಸಂಕೋಚದಿಂದ. ಡಿಸೈನರ್ ಟೇಪು ಹಿಡಿದು ಅರ್ಧ ಎದ್ದ.

“ಅವರು ನೋಡಲಿ, ಪಕ್ಕದಲ್ಲೇ ನಿಂತು ನೋಡಲಿ. ಟೇಪು ಮಾತ್ರ ಇವಳು ಹಿಡೀಲಿ.”

ಮಾಸ್ಟರಮ್ಮ ಎದ್ದು ಹೋದಳು. ಕುತ್ತಿಗೆಯಲ್ಲಿ ಸದಾ ನೇತಾಡುವ ಟೇಪು ತೆಗೆದುಕೊಂಡಳು. ಎಷ್ಟು ಸಾವಿರ ಭುಜಗಳ ಮೇಲೆ ಓಡಿದ ಟೇಪು ಅದು. ಅಕ್ಕನ ಹಿಂದೆ ನಿಂತವಳು ಟೇಪು ಇಡಲಿಲ್ಲ, ನಿಂತೇ ಇದ್ದಳು. ಅಕ್ಕ ಕಾದಳು.

“ಅಕ್ಕ,” ಎಂದಳು ಕೊನೆಗೆ. “ಅಳತೆ ತಗೊಳ್ಳಲಾ?”

“ಕೇಳಿದೆಯಲ್ಲ ಅಂತೂ,” ಎಂದಳು ಅಕ್ಕ. “ತಗೋ.”

ಕುತ್ತಿಗೆಯ ಬುಡದಿಂದ ಎಡಭುಜದ ತುದಿ, ಕುತ್ತಿಗೆಯ ಬುಡದಿಂದ ಬಲಭುಜದ ತುದಿ. ಮಾಸ್ಟರಮ್ಮ ಗಟ್ಟಿಯಾಗಿ ಓದಿ ಹೇಳಿದಳು. ಡಿಸೈನರ್ ಬಗ್ಗಿ ನೋಡಿ ಹೌದೆಂದ. ತಾಯಿ ರಟ್ಟಿನಲ್ಲೂ ಅದೇ, ಕಂಪನಿಯ ನಕ್ಷೆಯಲ್ಲೂ ಅದೇ. ಅಧಿಕಾರಿಗಳು ಅವನನ್ನು ಕೇಳಿದರು: “ಬಲಗೈಯಲ್ಲಿ ಭಾರ ಹೊತ್ತರೆ ಭುಜ ಇಳಿಯುತ್ತೆ ಅಂದ್ರಿ, ಒಪ್ಪೋಣ. ಗಿಡ್ಡ ಯಾಕಾಗುತ್ತೆ?” ಅವನು ಕನ್ನಡಕ ಸರಿಮಾಡಿಕೊಂಡ. ತನ್ನ ಕಡೆಯ ವಕೀಲರನ್ನು ನೋಡಿದ. ವಕೀಲರು ಇನ್ನೊಂದು ದಿನಾಂಕ ಕೇಳಿದರು.

ದಿನಾಂಕದ ಮೇಲೆ ದಿನಾಂಕ ಮತ್ತೂ ಆಯಿತು. ತೀರ್ಪು ಬರುವ ಮೊದಲೇ ಕಂಪನಿಯವರು ರಾಜಿಗೆ ಬಂದರು. ನಕ್ಷೆ ಮಾಸ್ಟರಮ್ಮನದ್ದೆಂದು ಬರೆದುಕೊಟ್ಟರು, ಅಂಗಡಿಗಳಿಂದ ಜೇಬಂಗಿ ವಾಪಸು ತರಿಸಿಕೊಂಡರು. ತಪ್ಪಾಯಿತು ಎಂದು ಮಾತ್ರ ಯಾರೂ ಅನ್ನಲಿಲ್ಲ. ವಕೀಲೆ ಗೆದ್ದೆವೆಂದಳು. ಮಾಸ್ಟರಮ್ಮನಿಗೆ ಗೆದ್ದ ಹಾಗೆ ಅನಿಸಲಿಲ್ಲ, ತುಂಬ ದೂರ ನಡೆದು ಮನೆ ಮುಟ್ಟಿದ ಹಾಗಾಯಿತು. ಹೋದ ಗಿರಾಕಿಗಳಲ್ಲಿ ಕೆಲವರು ವಾಪಸು ಬಂದರು, ಕೆಲವರು ಬರಲಿಲ್ಲ. ಎರಡನೆಯ ಮೆಷಿನ್ನಿನ ಬಟ್ಟೆ ಸರಿಸಿ ಅವಳು ಎಣ್ಣೆ ಬಿಟ್ಟಳು. ತಾಯಿ ರಟ್ಟಿನ ಮೂಲೆಯಲ್ಲಿ ವಕೀಲೆ ಹೇಳಿದಂತೆ ತಾರೀಖು, ಸಹಿ ಹಾಕಿದಳು. ಕೆಳಗೆ, ಯಾರೂ ಹೇಳದಿದ್ದರೂ, ‘ಅಳತೆ: ಅಕ್ಕನದು’ ಎಂದು ಸೇರಿಸಿದಳು.

ಒಂದು ಸಂಜೆ ಅಕ್ಕ ಕೆಲಸದಿಂದ ಬಂದು ಚಪ್ಪಲಿ ಬಿಟ್ಟು ಸ್ಟೂಲಿನ ಮೇಲೆ ಕುಸಿದಳು. ಕಂಪನಿಯ ಅಂಗಿಯ ತೋಳು ಹರಿದಿತ್ತು.

“ಬಾಗಿಲ ಚಿಲಕಕ್ಕೆ ಸಿಕ್ಕಿ ಹರೀತು. ಇನ್ನೊಂದು ತರೋಣ ಅಂತ ಹೋದ್ರೆ ಅಂಗಡೀಲಿ ಇಲ್ಲ ಅಂದ್ರು,” ಎಂದಳು. “ಲೋಕದಲ್ಲಿ ನನಗೆ ಸರಿಹೋಗೋ ರೆಡಿಮೇಡು ಅಂತ ಇದ್ದದ್ದು ಅದೊಂದೇ. ಕೋರ್ಟಿಗೆ ಹೋಗಿ ಅದನ್ನೂ ನಿಲ್ಲಿಸಿಬಿಟ್ಟೆ.”

“ನಾನು ಹೊಲಿದು ಕೊಡ್ತೀನಿ ಬಿಡು.”

“ಹೊಲಿ. ಅಳತೆ ಇದೆಯಲ್ಲ ನಿನ್ನ ಹತ್ರ.”

“ಇದೆ,” ಎಂದಳು ಮಾಸ್ಟರಮ್ಮ, ಟೇಪು ಕೈಗೆತ್ತಿಕೊಂಡು. “ಆದ್ರೂ ಕೇಳ್ತೀನಿ. ಎದ್ದು ನಿಂತ್ಕೋ.”